ಖಝಾ ಉಪವಾಸದ ಲೆಕ್ಕ ಇಡುವ ಆ್ಯಪ್: ಎಷ್ಟು ಅಂತ ಕೇಳುತ್ತೆ, ಯಾಕೆ ಅಂತ ಕೇಳಲ್ಲ

ರಮಝಾನ್‌ನಲ್ಲಿ ತಪ್ಪಿದ ಉಪವಾಸಗಳ ಲೆಕ್ಕ ಇಡೋಕೆ ಅಂತಲೇ ಮಾಡಿರುವ ಒಂದು ಆ್ಯಪ್ ಬಗ್ಗೆ ಬರೆಯುತ್ತಿದ್ದೇನೆ. ಒಂದು ರಮಝಾನ್ ಮುಗಿದು ಇನ್ನೊಂದು ಬರುವವರೆಗೆ ಬಳಸಿ ನೋಡದೆ ಇಂಥ ಆ್ಯಪ್ ಬಗ್ಗೆ ಹೇಳೋಕಾಗಲ್ಲ, ಯಾಕೆಂದರೆ ಇದಕ್ಕೆ ನಿಜವಾದ ಪರೀಕ್ಷೆ ಇರೋದೇ ಮುಂದಿನ ರಮಝಾನ್ ಅನ್ನುವ ಗಡುವು ದಾಟುವಾಗ. ಹೆಸರು ಹೇಳುತ್ತಿಲ್ಲ. ದೂರು ಜಾಸ್ತಿ ಇವೆ, ಅದೊಂದು ಕಾರಣ. ಇನ್ನೊಂದು, ಇಂಥ ಆ್ಯಪ್‌ಗಳನ್ನು ಮೂರ್ನಾಲ್ಕು ಇಳಿಸಿ ನೋಡಿದ್ದೇನೆ, ಎಲ್ಲವೂ ಒಂದೇ ಅಚ್ಚಿನವು. ತೆರೆದ ತಕ್ಷಣ ನಡುವೆ ಒಂದು ದೊಡ್ಡ ಸಂಖ್ಯೆ. ಪಕ್ಕದಲ್ಲಿ ಕೂಡಿಸುವ ಬಟನ್, ಕಳೆಯುವ ಬಟನ್. ಕೆಳಗೆ ಒಂದು ಕ್ಯಾಲೆಂಡರ್. ನೀವು ಯಾವುದನ್ನೇ ಬಳಸುತ್ತಿದ್ದರೂ ಈ ಮಾತುಗಳಲ್ಲಿ ಮುಕ್ಕಾಲು ಭಾಗ ಅದಕ್ಕೂ ಹೊಂದುತ್ತೆ ಅನ್ನೋದು ನನ್ನ ಅಂದಾಜು.

ಮೊದಲೇ ಹೇಳಿಬಿಡುತ್ತೇನೆ: ಎಣಿಸೋದರಲ್ಲಿ ಇದು ಜಾಣ. ಏನನ್ನು ಎಣಿಸುತ್ತಿದ್ದೇನೆ ಅನ್ನೋದು ಮಾತ್ರ ಇದಕ್ಕೆ ಗೊತ್ತಿಲ್ಲ.

ವಿಷಯ ಗೊತ್ತಿಲ್ಲದವರಿಗೆ ಎರಡು ಮಾತು. ಕಾಯಿಲೆ, ಪ್ರಯಾಣ, ಮುಟ್ಟು, ಬಾಣಂತನ ಹೀಗೆ ಯಾವುದಾದರೂ ಕಾರಣಕ್ಕೆ ರಮಝಾನ್‌ನ ಉಪವಾಸ ತಪ್ಪಿದರೆ, ಅಷ್ಟೇ ದಿನಗಳನ್ನು ಆಮೇಲೆ ಬೇರೆ ದಿನಗಳಲ್ಲಿ ಹಿಡಿದು ಪೂರ್ತಿ ಮಾಡಬೇಕು. ಇದಕ್ಕೇ ಖಝಾ ಅನ್ನೋದು. ಕುರ್‌ಆನ್‌ನ 2ನೇ ಅಧ್ಯಾಯದ 184 ಮತ್ತು 185ನೇ ವಚನಗಳಲ್ಲಿ ಕಾಯಿಲೆಯವರಿಗೂ ಪ್ರಯಾಣಿಕರಿಗೂ ಈ ಮಾತು ನೇರವಾಗಿ ಬಂದಿದೆ. 185ರಲ್ಲೇ ಅಲ್ಲಾಹನು ನಿಮಗೆ ಸುಲಭವನ್ನು ಬಯಸುತ್ತಾನೆ, ಕಷ್ಟವನ್ನಲ್ಲ ಅನ್ನುವ ಮಾತೂ ಇದೆ. ಮುಟ್ಟಿನ ದಿನಗಳ ನಮಾಝ್ ಪೂರ್ತಿ ಮನ್ನಾ, ಆದರೆ ಉಪವಾಸಕ್ಕೆ ಖಝಾ ಇದೆ. ಪ್ರವಾದಿಯವರ ಪತ್ನಿ ಆಯಿಷಾ ಅವರೇ ಹೇಳಿದ ಹದೀಸ್‌ನಿಂದ (ಪ್ರವಾದಿಯವರ ಮಾತು, ನಡೆಯ ವರದಿ) ಇದು ಗೊತ್ತಾಗುತ್ತೆ. ಹಾಗಾಗಿ ಹೆಣ್ಣುಮಕ್ಕಳಿಗೆ ಈ ಬಾಕಿ ಹೆಚ್ಚುಕಡಿಮೆ ಪ್ರತಿ ವರ್ಷದ ಮಾತು. ಮದುವೆ, ಬಸಿರು, ಬಾಣಂತನ, ಹಾಲೂಡಿಸುವ ಕಾಲ ಎಲ್ಲ ಒಂದರ ಹಿಂದೆ ಒಂದು ಬಂದರೆ ಕೆಲವೇ ವರ್ಷಗಳಲ್ಲಿ ಬಾಕಿ ನೂರು ದಾಟೋದೂ ಅಪರೂಪವಲ್ಲ. ಆಗ ನೆನಪಿನ ಮೇಲೆ ನಡೆಸೋಕೆ ಆಗಲ್ಲ. ಈ ಆ್ಯಪ್‌ಗಳು ಹುಟ್ಟಿರೋದೇ ಅಂಥವರಿಗಾಗಿ.

ಬಾಕಿ ಉಳಿಸಿಕೊಂಡೆವಲ್ಲ ಅಂತ ಕೊರಗುವವರಿಗೂ ಒಂದು ಮಾತು. ರಮಝಾನ್‌ನ ಬಾಕಿ ಉಪವಾಸಗಳನ್ನು ಶಅಬಾನ್ ತಿಂಗಳಲ್ಲಿ ಅಲ್ಲದೆ ಹಿಡಿಯೋಕೆ ತಮಗೆ ಆಗುತ್ತಿರಲಿಲ್ಲ ಅಂತ ಆಯಿಷಾ ಅವರೇ ಹೇಳಿದ್ದು ಬುಖಾರಿ, ಮುಸ್ಲಿಮ್ ಅನ್ನುವ ಎರಡೂ ಹದೀಸ್ ಸಂಗ್ರಹಗಳಲ್ಲಿ ಇದೆ. ಶಅಬಾನ್ ಅಂದರೆ ರಮಝಾನ್‌ಗೆ ಹಿಂದಿನ ತಿಂಗಳು. ಕೊನೆಯ ತಿಂಗಳವರೆಗೆ ಉಳಿಯೋದು ಇವತ್ತಿನ ಜನರ ಸೋಮಾರಿತನ ಅಲ್ಲ ಅಂತಾಯಿತು. ಆ್ಯಪ್ ಮಾತ್ರ ರಮಝಾನ್‌ನ ಮುಂದಿನ ತಿಂಗಳಾದ ಶವ್ವಾಲ್ ಮುಗಿದ ಮರುದಿನವೇ ಆ ದೊಡ್ಡ ಸಂಖ್ಯೆಯನ್ನು ಕೆಂಪು ಮಾಡಿಬಿಡುತ್ತೆ. ಯಾಕಪ್ಪಾ ಇಷ್ಟು ಅವಸರ?

ಈಗ ಆ್ಯಪ್ ಶುರು ಮಾಡುವ ಬಗೆ ನೋಡೋಣ. ಮೊದಲು ಮದ್‌ಹಬ್, ಅಂದರೆ ನೀವು ಅನುಸರಿಸುವ ಧರ್ಮಶಾಸ್ತ್ರದ ಪಂಥ ಯಾವುದು ಅಂತ ಕೇಳುತ್ತೆ: ಹನಫಿ, ಶಾಫಿಈ, ಮಾಲಿಕಿ, ಹಂಬಲಿ. ಒಳ್ಳೆಯ ಶುರು, ನನಗೆ ತುಂಬಾ ಆಸೆ ಹುಟ್ಟಿಸಿತು. ಆಮೇಲೆ ಹೆಣ್ಣೋ ಗಂಡೋ, ಪ್ರಾಯಕ್ಕೆ ಬಂದದ್ದು ಯಾವ ವಯಸ್ಸಿನಲ್ಲಿ, ಬಾಕಿ ಎಷ್ಟು. ಬಾಕಿ ಎಷ್ಟು ಅಂತ ಗೊತ್ತಿಲ್ಲದಿದ್ದರೆ ಅಂದಾಜು ಮಾಡಿಕೊಡುವ ಒಂದು ಪುಟ ಇದೆ. ವರ್ಷಕ್ಕೆ ಸರಾಸರಿ ಆರು ದಿನ, ಹತ್ತು ವರ್ಷ ಅಂತ ಹಾಕಿದರೆ 60 ಅಂತ ಕೊಡುತ್ತೆ. ಲೆಕ್ಕ ಮರೆತವರು ಹೀಗೆ ಅಂದಾಜು ಮಾಡಿ, ಇಷ್ಟಂತೂ ಖಂಡಿತ ಮುಗಿದಿದೆ ಅಂತ ಮನಸ್ಸಿಗೆ ಗಟ್ಟಿಯಾಗುವಷ್ಟು ಹಿಡಿಯಬೇಕು ಅಂತಲೇ ವಿದ್ವಾಂಸರೂ ಹೇಳೋದು. ಐವತ್ತೋ ಅರವತ್ತೋ ಅಂತ ಅನುಮಾನ ಇದ್ದರೆ ಅರವತ್ತು ಹಿಡಿಯೋದು ಸುರಕ್ಷಿತ. ಪುಟ ಆ ಕೆಲಸ ಸರಿಯಾಗೇ ಮಾಡುತ್ತೆ. ತೊಂದರೆ ಏನಂದರೆ ಒಮ್ಮೆ ಒತ್ತಿದ ಮೇಲೆ ಅದು ಅಂದಾಜು ಅನ್ನೋದು ಎಲ್ಲೂ ಉಳಿಯಲ್ಲ. ನೆನಪಿಟ್ಟು ಬರೆದ ಏಳು ದಿನವೂ ಊಹಿಸಿದ ಅರವತ್ತು ದಿನವೂ ಸೇರಿ 67 ಆಗಿ ಕೂತುಬಿಡುತ್ತವೆ. ಆರು ತಿಂಗಳಾದ ಮೇಲೆ ಹಳೆಯದೇನಾದರೂ ನೆನಪಾಗಿ ತಿದ್ದೋಣ ಅಂದರೆ ಯಾವುದನ್ನು ತಿದ್ದೋದು?

ಈ ಪುಟದಲ್ಲಿ ಇನ್ನೂ ಎರಡು ಕೊರತೆ ಇವೆ. ಇಡೀ ರಮಝಾನ್ ತಪ್ಪಿದೆ ಅಂತ ಆರಿಸಿದರೆ ಯಾವಾಗಲೂ 30 ಅಂತ ಹಾಕುತ್ತೆ. ಚಾಂದ್ರಮಾನ ತಿಂಗಳು 29 ದಿನದ್ದೂ ಇರುತ್ತೆ, 30ರದ್ದೂ ಇರುತ್ತೆ. ಆ ವರ್ಷ 29 ಇದ್ದರೆ ಬಾಕಿಯೂ 29. ಒಂದು ದಿನ ಜಾಸ್ತಿ ಹಿಡಿದರೆ ನಷ್ಟವೇನಿಲ್ಲ ನಿಜ, ಆದರೆ ಲೆಕ್ಕ ಇಡೋದಕ್ಕೇ ಇರುವ ಆ್ಯಪ್ ಅಲ್ವಾ ಇದು? ಎರಡನೆಯದು ಇದಕ್ಕಿಂತ ದೊಡ್ಡದು. ಪ್ರಾಯಕ್ಕೆ ಬಂದ ವಯಸ್ಸಿನಿಂದ ಇದು ಎಣಿಸೋಕೆ ಶುರು ಮಾಡುತ್ತೆ. ದೊಡ್ಡವರಾದ ಮೇಲೆ ಇಸ್ಲಾಮ್‌ಗೆ ಬಂದವರಿಗೆ ಅದಕ್ಕೂ ಮುಂಚಿನ ವರ್ಷಗಳ ಉಪವಾಸದ ಬಾಕಿ ಇಲ್ಲವೇ ಇಲ್ಲ. ಆದರೆ ಅದನ್ನು ಹೇಳೋಕೆ ಇಲ್ಲಿ ಜಾಗವಿಲ್ಲ. ಮೂವತ್ತೈದರಲ್ಲಿ ಮುಸ್ಲಿಮ್ ಆದ ಒಬ್ಬರು ಈ ಆ್ಯಪ್ ತೆರೆದು ಸತ್ಯವಾಗಿ ಉತ್ತರ ಕೊಟ್ಟರೆ ಇಪ್ಪತ್ತು ವರ್ಷದ ಬಾಕಿ ಅಂತ ಆರುನೂರು ತೋರಿಸಿಬಿಡುತ್ತೆ. ಸುಮ್ನೆ ಹೆದರಿಸಿದ ಹಾಗೆ.

ಮುಖ್ಯ ದೂರಿಗೆ ಬರುತ್ತೇನೆ. ಉಪವಾಸ ತಪ್ಪಿತು ಅಂತ ಬಟನ್ ಒತ್ತಿದರೆ ಸಂಖ್ಯೆ ಒಂದು ಏರುತ್ತೆ, ಅಷ್ಟೇ. ಯಾಕೆ ತಪ್ಪಿತು ಅಂತ ಕೇಳಲ್ಲ. ಬರೆದುಕೊಳ್ಳೋಕೆ ಜಾಗವೂ ಇಲ್ಲ. ಸಾಲದ ಪುಸ್ತಕದಲ್ಲಿ ಮೊತ್ತ ಮಾತ್ರ ಬರೆದು ಯಾರಿಗೆ, ಯಾವ ಷರತ್ತಿಗೆ ಅನ್ನೋದನ್ನು ಬಿಟ್ಟ ಹಾಗಾಯಿತು. ಕಾರಣ ಯಾಕೆ ಮುಖ್ಯ ಅಂದರೆ, ನಿಮ್ಮ ಮೇಲೆ ಏನು ಬಾಕಿ ಬರುತ್ತೆ ಅನ್ನೋದನ್ನು ತೀರ್ಮಾನ ಮಾಡೋದೇ ಅದು. ಎಲ್ಲ ತಪ್ಪಿದ ಉಪವಾಸಕ್ಕೂ ಒಂದಕ್ಕೊಂದು ಖಝಾ ಅಂತ ಇಲ್ಲ.

ಗರ್ಭಿಣಿಯರನ್ನೇ ತೆಗೆದುಕೊಳ್ಳಿ. ಹನಫಿ ಮದ್‌ಹಬ್‌ನಲ್ಲಿ ಗರ್ಭಿಣಿ ಆಗಲಿ, ಹಾಲೂಡಿಸುವ ತಾಯಿ ಆಗಲಿ, ಬಿಟ್ಟ ಉಪವಾಸಕ್ಕೆ ಖಝಾ ಮಾತ್ರ. ಶಾಫಿಈ ಮತ್ತು ಹಂಬಲಿಯಲ್ಲಿ ತನ್ನ ಆರೋಗ್ಯಕ್ಕೆ ಹೆದರಿ ಬಿಟ್ಟಿದ್ದರೆ ಖಝಾ ಮಾತ್ರ, ಮಗುವಿಗೆ ಏನಾದರೂ ಆದೀತು ಅಂತ ಮಾತ್ರ ಹೆದರಿ ಬಿಟ್ಟಿದ್ದರೆ ಖಝಾ ಜೊತೆಗೆ ಫಿದ್ಯವೂ ಸೇರುತ್ತೆ, ಅಂದರೆ ದಿನಕ್ಕೊಬ್ಬ ಬಡವರಿಗೆ ಊಟ. ಮಾಲಿಕಿಯಲ್ಲಿ ಗರ್ಭಿಣಿಗೆ ಖಝಾ ಮಾತ್ರ, ಹಾಲೂಡಿಸುವವಳಿಗೆ ಎರಡೂ. ಒಂದೇ ಹೆಂಗಸು, ಒಂದೇ ಮಗು, ಎರಡು ರಮಝಾನ್, ಎರಡು ಬೇರೆ ಬಾಕಿ! ಆ್ಯಪ್‌ನಲ್ಲಿ ಇವೆಲ್ಲ ಸೇರಿ ಒಂದೇ ಸಂಖ್ಯೆ. ಮದ್‌ಹಬ್ ಕೇಳಿ ತಿಳಿದುಕೊಂಡು ಅದನ್ನು ಏನು ಮಾಡಿದರು ಅಂತ ನನಗೆ ಇನ್ನೂ ಅರ್ಥವಾಗಿಲ್ಲ.

ಕಾಯಿಲೆಯೂ ಹಾಗೇ. ಜ್ವರ ಬಂದು ನಾಲ್ಕು ದಿನ ತಪ್ಪಿದರೆ ವಾಸಿಯಾದ ಮೇಲೆ ನಾಲ್ಕು ದಿನ ಹಿಡಿಯೋದು. ವಾಸಿಯಾಗುವ ಆಸೆಯೇ ಇಲ್ಲದ ಕಾಯಿಲೆ ಅಥವಾ ತೀರಾ ಇಳಿವಯಸ್ಸು ಅಂದರೆ ಹೆಚ್ಚಿನ ವಿದ್ವಾಂಸರ ಪ್ರಕಾರ ಖಝಾ ಇಲ್ಲ, ಅದರ ಬದಲಿಗೆ ಫಿದ್ಯ. ಅಂಥ ವಯಸ್ಸಾದವರ ಫೋನಿನಲ್ಲಿ ಈ ಆ್ಯಪ್ ಪ್ರತಿ ವರ್ಷ 30 ಕೂಡಿಸುತ್ತಾ ಹೋಗುತ್ತೆ. ಎಂದೂ ಇಳಿಯದ ಸಂಖ್ಯೆ. ಮನೆಯ ಹಿರಿಯರಿಗೆ ಹಾಕಿಕೊಡೋಣ ಅಂತ ಯೋಚಿಸುತ್ತಿದ್ದರೆ ದಯವಿಟ್ಟು ಬೇಡ.

ಬೇಕಂತಲೇ ಮುರಿದ ಉಪವಾಸದ್ದು ಇನ್ನೊಂದು ಕಥೆ. ರಮಝಾನ್ ಹಗಲಿನಲ್ಲಿ ಉಪವಾಸ ಇದ್ದು ದಾಂಪತ್ಯ ಸಂಬಂಧದಿಂದ ಮುರಿದರೆ ಖಝಾ ಅಷ್ಟೇ ಸಾಲದು, ಕಫ್ಫಾರ, ಅಂದರೆ ಪ್ರಾಯಶ್ಚಿತ್ತ ಇದೆ. ಗುಲಾಮರೊಬ್ಬರನ್ನು ಬಿಡುಗಡೆ ಮಾಡಬೇಕು, ಅದಾಗದಿದ್ದರೆ ಎರಡು ತಿಂಗಳು ಎಡೆಬಿಡದೆ ಉಪವಾಸ, ಅದೂ ಆಗದಿದ್ದರೆ 60 ಬಡವರಿಗೆ ಊಟ ಅಂತ ಹದೀಸ್‌ನಲ್ಲಿ ಬಂದಿದೆ. ಬೇಕಂತಲೇ ತಿಂದು ಕುಡಿದು ಮುರಿದರೂ ಇದೇ ಕಫ್ಫಾರ ಅನ್ನೋದು ಹನಫಿ ಮತ್ತು ಮಾಲಿಕಿಯವರ ನಿಲುವು. ಶಾಫಿಈ, ಹಂಬಲಿಯವರು ಹಾಗೆ ಹೇಳಲ್ಲ, ಅಲ್ಲಿ ತಿಂದು ಮುರಿದದ್ದಕ್ಕೆ ಪಶ್ಚಾತ್ತಾಪ ಮತ್ತು ಖಝಾ. ಆ್ಯಪ್‌ನಲ್ಲಿ ಕಫ್ಫಾರ ಅಂತ ಒಂದು ಬಟನ್ ಇದೆ, ಒತ್ತಿದರೆ ಬಾಕಿಗೆ 60 ಸೇರುತ್ತೆ. ಎಡೆಬಿಡದೆ ಅನ್ನೋದು ಎಲ್ಲಿ ಹೋಯಿತು? ನಲವತ್ತನೇ ದಿನ ಕಾರಣವಿಲ್ಲದೆ ಬಿಟ್ಟರೆ ಮತ್ತೆ ಒಂದರಿಂದ ಶುರು ಮಾಡಬೇಕು. ಮುಟ್ಟು ಬಂದರೆ ಸರಪಳಿ ಕಡಿಯಲ್ಲ, ಮುಗಿದ ಕೂಡಲೇ ಮುಂದುವರಿಸಬಹುದು. ಇದೆಲ್ಲ ಆ್ಯಪ್‌ಗೆ ಗೊತ್ತಿಲ್ಲ. ತಿಂಗಳಿಗೆ ಎರಡರಂತೆ ಹಿಡಿದರೂ ಸಂಖ್ಯೆ ಇಳಿಸುತ್ತಾ ಹೋಗಿ ಕೊನೆಗೆ ಅಭಿನಂದನೆ ಹೇಳುತ್ತೆ. ಈ ಒಂದು ಬಟನ್‌ಗಾಗಿ ನಾನು ಒಂದು ಸ್ಟಾರ್ ಕಡಿಮೆ ಮಾಡಿದ್ದೇನೆ. ಸುಳ್ಳು ಸಮಾಧಾನ ಕೊಡೋದಕ್ಕಿಂತ ಆ ಬಟನ್ ಇಲ್ಲದಿರೋದೇ ವಾಸಿ.

ಮಾಮೂಲಿ ಖಝಾಗೆ ಈ ಎಡೆಬಿಡದೆ ಅನ್ನುವ ಷರತ್ತು ಇಲ್ಲ ಅಂತ ಬಹುಪಾಲು ವಿದ್ವಾಂಸರು ಹೇಳುತ್ತಾರೆ. ಬಿಡಿಬಿಡಿಯಾಗಿ, ವಾರಕ್ಕೊಂದರಂತೆ ಹಿಡಿದರೂ ಆಯಿತು. ಅಲ್ಲಿ ನೋಡಿದರೆ ಈ ಆ್ಯಪ್ ಸತತ ಎಷ್ಟು ದಿನ ಹಿಡಿದಿರಿ ಅಂತ ಬೆಂಕಿಯ ಚಿತ್ರ ಹಾಕಿ ಹುರಿದುಂಬಿಸುತ್ತೆ. ಸರಪಳಿ ಬೇಕಾದ ಕಡೆ ಇಲ್ಲ, ಬೇಡದ ಕಡೆ ಇದೆ.

ಗಡುವಿನ ವಿಷಯ. ಮುಂದಿನ ರಮಝಾನ್‌ಗೆ ಎಷ್ಟು ದಿನ ಉಳಿದಿದೆ, ನಿಮ್ಮ ಬಾಕಿ ಎಷ್ಟು, ವಾರಕ್ಕೆ ಎಷ್ಟು ಹಿಡಿದರೆ ಮುಗಿಯುತ್ತೆ ಅಂತ ತೋರಿಸುವ ಪುಟ ಚೆನ್ನಾಗಿದೆ, ಅದನ್ನು ನಾನು ನಿಜವಾಗಲೂ ಬಳಸುತ್ತೇನೆ. ಹಿಜರಿ (ಇಸ್ಲಾಮೀ ಚಾಂದ್ರಮಾನ) ವರ್ಷ ಸುಮಾರು 354 ದಿನದ್ದು, ಹಾಗಾಗಿ ರಮಝಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತೆ. ಹೋದ ವರ್ಷದ ತಾರೀಖು ತಲೆಯಲ್ಲಿಟ್ಟುಕೊಂಡವರಿಗೆ ಕೊನೆಗೆ ಆ ಹತ್ತು ದಿನವೇ ಕೈಕೊಡೋದು. ಆ್ಯಪ್ ಅದನ್ನು ತಾನೇ ಲೆಕ್ಕ ಹಾಕುತ್ತೆ.

ಗಡುವು ದಾಟಿದ ಮೇಲೆ ಮಾತ್ರ ಎಡವುತ್ತೆ. ಉಳಿದ ಪ್ರತಿ ದಿನದ ಮುಂದೆ ಫಿದ್ಯ ಅಂತ ತಾನಾಗೇ ಬರೆಯುತ್ತೆ. ಸೆಟ್ಟಿಂಗ್ಸ್‌ನಲ್ಲಿ ಹನಫಿ ಅಂತ ಆರಿಸಿದ್ದರೂ ಬರೆಯುತ್ತೆ! ಹನಫಿಯಲ್ಲಿ ತಡವಾದದ್ದಕ್ಕೆ ಫಿದ್ಯ ಇಲ್ಲ, ಖಝಾ ಮಾತ್ರ. ಉಳಿದ ಮೂರು ಮದ್‌ಹಬ್‌ಗಳಲ್ಲಿ ಇದೆ, ಆದರೆ ಕಾರಣವಿಲ್ಲದೆ ತಡ ಮಾಡಿದವರಿಗೆ. ವರ್ಷವಿಡೀ ಕಾಯಿಲೆಯಲ್ಲಿ ಮಲಗಿದ್ದವರಿಗೆ ಅಥವಾ ಹಿಡಿಯೋಕೆ ಅವಕಾಶವೇ ಸಿಗದವರಿಗೆ ಅದು ಬೀಳಲ್ಲ. ಮತ್ತೆ ಅದೇ ಮಾತು ನೋಡಿ, ಕಾರಣ ಕೇಳದೆ ಇದನ್ನು ಲೆಕ್ಕ ಹಾಕೋದು ಹೇಗೆ? ಇದರ ಮೇಲೆ ಶಾಫಿಈಯಲ್ಲಿ ವರ್ಷ ದಾಟಿದಂತೆಲ್ಲ ಫಿದ್ಯವೂ ಹೆಚ್ಚುತ್ತಾ ಹೋಗುತ್ತೆ ಅನ್ನೋದು ಪ್ರಬಲ ಅಭಿಪ್ರಾಯ, ಮಾಲಿಕಿ ಮತ್ತು ಹಂಬಲಿಯಲ್ಲಿ ಎಷ್ಟೇ ವರ್ಷವಾದರೂ ದಿನಕ್ಕೆ ಒಂದೇ. ಆ್ಯಪ್‌ನಲ್ಲಿ ಎಲ್ಲರಿಗೂ ಒಂದೇ.

ಫಿದ್ಯದ ಪುಟದಲ್ಲಿ ದಿನಕ್ಕೆ ಇಂತಿಷ್ಟು ಹಣ ಅಂತ ನೀವೇ ತುಂಬಬೇಕು, ಕೆಳಗೇ ದಾನ ಕಳಿಸುವ ಬಟನ್ ಇರುತ್ತೆ. ಹಣವಾಗಿ ಕೊಡೋದನ್ನು ಹನಫಿಯವರು ಒಪ್ಪುತ್ತಾರೆ. ಉಳಿದವರಲ್ಲಿ ಮೂಲ ನಿಯಮ ಆಹಾರವನ್ನೇ ಕೊಡೋದು, ಶಾಫಿಈಯಲ್ಲಿ ದಿನಕ್ಕೆ ಒಂದು ಮುದ್ದ್ ಅನ್ನುವ ಅಳತೆಯ ಧಾನ್ಯ. ಈ ವ್ಯತ್ಯಾಸ ಒಂದು ಸಾಲಿನಲ್ಲಿ ಹೇಳಬಹುದಿತ್ತು. ನನಗೆ ಹಿಡಿಸದ್ದು ಇನ್ನೊಂದು. ಹಿಡಿಯುವ ಶಕ್ತಿ ಇರುವವರಿಗೂ ಆ ಬಟನ್ ಅಷ್ಟೇ ದೊಡ್ಡದಾಗಿ ಕಾಣುತ್ತೆ. ದುಡ್ಡು ಕಳಿಸಿದರೆ ಸಂಖ್ಯೆಯೂ ಇಳಿಯುತ್ತೆ. ಆರೋಗ್ಯವಾಗಿರುವವರಿಗೆ ಫಿದ್ಯ ಕೊಟ್ಟು ಉಪವಾಸದಿಂದ ತಪ್ಪಿಸಿಕೊಳ್ಳುವ ದಾರಿ ಇಲ್ಲ. ತಡವಾದ ಫಿದ್ಯ ಬಿದ್ದರೂ ಉಪವಾಸ ಉಪವಾಸವೇ, ಅದನ್ನು ಹಿಡಿಯಲೇಬೇಕು. ಈ ತಪ್ಪನ್ನು ಯಾರಾದರೂ ನಂಬಿ ಬಿಟ್ಟರೆ ಅನ್ನೋದೇ ನನ್ನ ಚಿಂತೆ.

ಇಷ್ಟು ಬೈದ ಮೇಲೆ ಹೊಗಳೋದೂ ಇದೆ. ನಿಯ್ಯತ್, ಅಂದರೆ ಉಪವಾಸದ ಸಂಕಲ್ಪ, ನೆನಪಿಸುವ ನೋಟಿಫಿಕೇಷನ್ ಈ ಆ್ಯಪ್‌ನ ಅತ್ಯಂತ ಒಳ್ಳೆಯ ಭಾಗ. ಖಝಾ ಉಪವಾಸಕ್ಕೆ ನಿಯ್ಯತ್ ರಾತ್ರಿಯೇ ಆಗಿರಬೇಕು, ಅಂದರೆ ಫಜ್ರ್‌ಗೂ (ಮುಂಜಾವಿಗೂ) ಮುಂಚೆ. ನಾಲ್ಕೂ ಮದ್‌ಹಬ್‌ನಲ್ಲಿ ಇದೇ. ರಮಝಾನ್ ಒಳಗೆ ಹನಫಿಯವರಿಗೆ ಮಧ್ಯಾಹ್ನಕ್ಕೆ ಮುಂಚೆ ನಿಯ್ಯತ್ ಮಾಡಿದರೂ ನಡೆಯುತ್ತೆ, ಸುನ್ನತ್ (ಕಡ್ಡಾಯವಲ್ಲದ) ಉಪವಾಸಕ್ಕೆ ಇನ್ನೂ ಕೆಲವರು ಸಡಿಲ ಕೊಡುತ್ತಾರೆ. ಆ ಅಭ್ಯಾಸದಲ್ಲಿ ಬೆಳಗ್ಗೆ ಒಂಬತ್ತಕ್ಕೆ, ಏನೂ ತಿಂದಿಲ್ಲವಲ್ಲ, ಇವತ್ತು ಖಝಾ ಹಿಡಿದುಬಿಡೋಣ ಅಂತ ಹೊರಟರೆ ಅದು ಖಝಾ ಆಗಲ್ಲ. ಆ್ಯಪ್ ಇಶಾ (ರಾತ್ರಿಯ ನಮಾಝ್) ಆದ ಮೇಲೆ ನಾಳೆ ಖಝಾ ಹಿಡಿಯುತ್ತೀರಾ ಅಂತ ಕೇಳುತ್ತೆ. ಹೌದು ಅಂದರೆ ಸಹರಿಗೆ (ಮುಂಜಾವಿಗೆ ಮುಂಚಿನ ಊಟಕ್ಕೆ) ಅಲಾರಾಂ ತಾನೇ ಇಡುತ್ತೆ. ಬೆಳಗಾದ ಮೇಲೆ ಖಝಾ ಅಂತ ಗುರುತು ಹಾಕೋಕೆ ಹೋದರೆ ಬಿಡಲ್ಲ, ಬೇಕಾದರೆ ಸುನ್ನತ್ ಅಂತ ಹಾಕಿಕೊಳ್ಳಿ ಅನ್ನುತ್ತೆ. ಇದನ್ನು ಮಾಡಿದವರು ಯಾರೋ ವಿಷಯ ಬಲ್ಲವರನ್ನು ಕೇಳಿಯೇ ಮಾಡಿದ್ದಾರೆ.

ಆದರೆ ಬಲ್ಲವರ ಮಾತನ್ನು ಅರ್ಧಕ್ಕೇ ಕೇಳಿ ಎದ್ದು ಬಂದ ಹಾಗಿದೆ. ರಾತ್ರಿ ಮನಸ್ಸಿನಲ್ಲಿ ನಿಯ್ಯತ್ ಮಾಡಿ, ಫೋನ್ ಮುಟ್ಟದೆ ಮಲಗಿದರೆ? ಸಹರಿಗೆ ಎದ್ದು, ಸಂಜೆವರೆಗೆ ಇದ್ದು, ಇಫ್ತಾರ್ ಮಾಡಿ ಆಮೇಲೆ ಗುರುತು ಹಾಕೋಕೆ ಹೋದರೂ ಅದು ಒಪ್ಪಲ್ಲ. ನಿಯ್ಯತ್ ಇರೋದು ಮನಸ್ಸಿನಲ್ಲಿ, ಬಟನ್‌ನಲ್ಲಿ ಅಲ್ಲ. ಬಾಯಲ್ಲಿ ಹೇಳಲೇಬೇಕು ಅಂತಲೂ ಇಲ್ಲ. ರಾತ್ರಿಯೇ ನಿಯ್ಯತ್ ಮಾಡಿದ್ದೆ ಅಂತ ಹೇಳುವ ಒಂದು ಸಣ್ಣ ಆಯ್ಕೆ ಕೊಟ್ಟಿದ್ದರೆ ಮುಗಿದಿತ್ತು. ಈಗೇನಾಗಿದೆ ಅಂದರೆ, ಕಳೆಯುವ ಬಟನ್ ಒತ್ತಿ ಸಂಖ್ಯೆ ಇಳಿಸಬೇಕು, ಆಗ ಕ್ಯಾಲೆಂಡರ್‌ನಲ್ಲಿ ಆ ದಿನ ಖಾಲಿಯಾಗೇ ಉಳಿಯುತ್ತೆ.

ಕ್ಯಾಲೆಂಡರ್ ಬಗ್ಗೆ ಹೇಳೋದಾದರೆ, ಉಪವಾಸ ಹಿಡಿಯಬಾರದ ದಿನಗಳನ್ನು ಅದು ಮುಚ್ಚಿಡುತ್ತೆ. ಎರಡು ಈದ್, ಜೊತೆಗೆ ಝುಲ್‌ಹಜ್ಜ್ ತಿಂಗಳ 11, 12, 13, ಒಟ್ಟು ಐದು ದಿನ. ಸರಿಯಾಗಿದೆ. ಆದರೆ ಇದರ ಹಿಜರಿ ತಾರೀಖು ಗಣಿತದಿಂದ ಬರೋದು, ಚಂದ್ರ ಕಂಡದ್ದರಿಂದ ಅಲ್ಲ. ನೀವಿರುವ ಕಡೆ ಚಂದ್ರದರ್ಶನ ಒಂದು ದಿನ ಆಚೀಚೆ ಆದರೆ ಈದ್ ದಿನವೇ ತೆರೆದಿರುತ್ತೆ, ಮರುದಿನ ಮುಚ್ಚಿರುತ್ತೆ. ಸೆಟ್ಟಿಂಗ್ಸ್‌ನಲ್ಲಿ ಒಂದು ದಿನ ಕೂಡಿಸುವ, ಕಳೆಯುವ ಆಯ್ಕೆ ಇದೆ. ಪ್ರತಿ ತಿಂಗಳೂ ನೋಡಿಕೊಳ್ಳಬೇಕು, ಒಮ್ಮೆ ಇಟ್ಟು ಮರೆಯುವಂಥದ್ದಲ್ಲ. ಫಜ್ರ್ ಸಮಯವೂ ಹಾಗೇ. ಸೂರ್ಯ ದಿಗಂತದ ಕೆಳಗೆ 18 ಡಿಗ್ರಿ ಇರುವಾಗ ಅಂತ ಕೆಲವು ಸಂಸ್ಥೆಗಳ ಲೆಕ್ಕ, 15 ಡಿಗ್ರಿ ಅಂತ ಇನ್ನು ಕೆಲವರದು. ಆ ಮೂರು ಡಿಗ್ರಿಗೆ ಹತ್ತಾರು ನಿಮಿಷ ವ್ಯತ್ಯಾಸ ಬರುತ್ತೆ. ಸಹರಿ ಮುಗಿಸುವ ಹೊತ್ತು ಅದು, ಆಟವಲ್ಲ. ಇಳಿಸಿದ ದಿನವೇ ನಿಮ್ಮ ಮಸೀದಿಯ ಸಮಯಪಟ್ಟಿ ಪಕ್ಕದಲ್ಲಿಟ್ಟು ಹೊಂದಿಸಿಕೊಳ್ಳಿ.

ಶುಕ್ರವಾರ ಖಝಾ ಹಿಡಿಯೋಕೆ ಹೋದರೆ ಕೆಂಪು ಎಚ್ಚರಿಕೆ ಬರುತ್ತೆ. ಅದು ಬೇಡ. ಶುಕ್ರವಾರವನ್ನೇ ಆರಿಸಿ ಒಂಟಿಯಾಗಿ ಸುನ್ನತ್ ಉಪವಾಸ ಹಿಡಿಯೋದು ಬೇಡ ಅಂತ ಇದೆ, ಖಝಾಗೆ ಆ ತಡೆ ಇಲ್ಲ. ರಜೆ ಇರುವ ದಿನ ಅದೊಂದೇ ಆದವರಿಗೆ ಈ ಎಚ್ಚರಿಕೆ ಸುಮ್ನೆ ಗೊಂದಲ.

ನನಗೆ ತುಂಬಾ ಇಷ್ಟವಾದ ಇನ್ನೊಂದು ಪುಟ ಇದೆ, ಅದನ್ನು ಯಾಕೋ ಮೂರನೇ ಮೆನುವಿನ ಒಳಗೆ ಹೂತಿಟ್ಟಿದ್ದಾರೆ. ಇಡೀ ವರ್ಷದ ಪ್ರತಿ ದಿನ ಫಜ್ರ್‌ನಿಂದ ಮಗ್ರಿಬ್‌ವರೆಗೆ, ಅಂದರೆ ಸೂರ್ಯ ಮುಳುಗುವವರೆಗೆ, ಎಷ್ಟು ಗಂಟೆ ಅಂತ ಗೆರೆ ಎಳೆದು ತೋರಿಸುತ್ತೆ. ಖಝಾ ಲೆಕ್ಕ ದಿನಕ್ಕೆ ದಿನ, ಗಂಟೆಗೆ ಗಂಟೆ ಅಲ್ಲ. ಬೇಸಿಗೆಯ ಉದ್ದದ ಹಗಲಿನಲ್ಲಿ ತಪ್ಪಿದ್ದನ್ನು ಚಳಿಗಾಲದ ಚಿಕ್ಕ ಹಗಲಿನಲ್ಲಿ ಹಿಡಿದರೂ ಪೂರ್ತಿ ಒಂದು ದಿನವೇ. ಭೂಮಧ್ಯರೇಖೆಯಿಂದ ದೂರ ಇರುವವರಿಗೆ ಈ ವ್ಯತ್ಯಾಸ ಹಲವು ಗಂಟೆ. ಬಾಕಿ ಜಾಸ್ತಿ ಇರುವವರು ಮೊದಲು ಈ ಪುಟ ನೋಡಿ, ಆಮೇಲೆ ವೇಳಾಪಟ್ಟಿ ಮಾಡಿಕೊಳ್ಳಿ.

ಶವ್ವಾಲ್‌ನ ಆರು ಉಪವಾಸಕ್ಕೂ ಖಝಾಗೂ ಒಂದೇ ಟಿಕ್ ಹಾಕುವ ಆಯ್ಕೆ ಕೊಟ್ಟಿದ್ದಾರೆ. ರಮಝಾನ್ ಉಪವಾಸ ಹಿಡಿದು ಅದರ ಹಿಂದೆ ಶವ್ವಾಲ್‌ನ ಆರು ಹಿಡಿದರೆ ವರ್ಷವಿಡೀ ಹಿಡಿದಂತೆ ಅಂತ ಮುಸ್ಲಿಮ್ ಸಂಗ್ರಹದಲ್ಲಿ ಹದೀಸ್ ಇದೆ. ಒಂದೇ ದಿನಕ್ಕೆ ಎರಡೂ ಸಿಗುತ್ತಾ ಅನ್ನೋದರಲ್ಲಿ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಬಾಕಿ ಇಟ್ಟುಕೊಂಡು ಸುನ್ನತ್ ಹಿಡಿಯೋದನ್ನೇ ಹಂಬಲಿಯವರಲ್ಲಿ ಹೆಚ್ಚಿನವರು ಒಪ್ಪಲ್ಲ, ಹನಫಿಯವರಿಗೆ ಅದರಲ್ಲಿ ತೊಂದರೆ ಕಾಣಲ್ಲ. ಆ್ಯಪ್ ಇದನ್ನೆಲ್ಲ ಹೇಳದೆ ಒಂದಕ್ಕೆ ಎರಡು ಲಾಭ ಅಂತ ಜಾಹೀರಾತಿನ ಹಾಗೆ ಬರೆದಿದೆ. ನಾನು ಅದನ್ನು ಆಫ್ ಮಾಡಿ ಇಟ್ಟಿದ್ದೇನೆ.

ಮುಟ್ಟಿನ ದಿನಗಳನ್ನು ತಾನೇ ಎಣಿಸುತ್ತೇನೆ ಅನ್ನೋದೂ ಆಫ್. ನಿಮಗೆ ಎಷ್ಟು ದಿನ ಅಂತ ಒಮ್ಮೆ ಕೇಳಿ, ರಮಝಾನ್‌ನಲ್ಲಿ ಅಷ್ಟನ್ನು ಬಾಕಿಗೆ ಹಾಕಿಬಿಡುತ್ತೆ. ದೇಹ ಹಾಗೆ ಗಡಿಯಾರ ನೋಡಿ ನಡೆಯುತ್ತಾ? ಹನಫಿಯಲ್ಲಿ ಮುಟ್ಟು ಅಂತ ಹಿಡಿಯೋದು ಕಡಿಮೆ ಅಂದರೆ ಮೂರು ದಿನ, ಹೆಚ್ಚೆಂದರೆ ಹತ್ತು ದಿನ. ಶಾಫಿಈಯಲ್ಲಿ ಒಂದು ದಿನದಿಂದ ಹದಿನೈದರವರೆಗೆ. ಅದನ್ನು ಮೀರಿ ಬರುವ ರಕ್ತಕ್ಕೆ ಉಪವಾಸ ಬಿಡುವ ಹಾಗಿಲ್ಲ. ಸೂರ್ಯ ಮುಳುಗೋಕೆ ಐದು ನಿಮಿಷ ಇರುವಾಗ ಶುರುವಾದರೂ ಆ ದಿನದ್ದು ಹೋಯಿತು, ಖಝಾ ಸೇರುತ್ತೆ. ಫಜ್ರ್‌ಗೂ ಮುಂಚೆ ನಿಂತಿದ್ದರೆ ನಿಯ್ಯತ್ ಮಾಡಿ ಹಿಡಿಯಬಹುದು, ಸ್ನಾನ ಆಮೇಲಾದರೂ ಉಪವಾಸ ಕೂಡುತ್ತೆ. ಇದನ್ನೆಲ್ಲ ದಿನದಿನ ನೋಡಿ ನೀವೇ ಒತ್ತೋದು ಒಳ್ಳೆಯದು.

ಇನ್ನು ಆ ಹಂಚಿಕೊಳ್ಳುವ ಬಟನ್. ಒಂದು ಉಪವಾಸ ಮುಗಿದ ಕೂಡಲೇ ಗೆಳೆಯರಿಗೆ ತಿಳಿಸಿ ಅಂತ ಬರುತ್ತೆ, ಪದಕ ಬೇರೆ. ಯಾರು ಜಾಸ್ತಿ ಹಿಡಿದರು ಅಂತ ಪಟ್ಟಿಯೂ ಇದೆ. ಉಪವಾಸ ಮನುಷ್ಯನಿಗೂ ದೇವರಿಗೂ ನಡುವಿನದು. ಅದರಲ್ಲೂ ಖಝಾ! ಒಬ್ಬ ಹೆಂಗಸು ಎಷ್ಟು ದಿನ ಖಝಾ ಹಿಡಿದಳು ಅನ್ನೋದು ಅವಳ ಮುಟ್ಟಿನ, ಬಸಿರಿನ, ಕಾಯಿಲೆಯ ಲೆಕ್ಕ ಹೇಳಿಬಿಡುತ್ತೆ. ಅದನ್ನು ಗೆಳೆಯರ ಪಟ್ಟಿಗೆ ಹಾಕಬಹುದು ಅಂತ ಯಾರಿಗೆ ಹೊಳೆಯಿತೋ. ಫೋನ್ ಪರದೆಯ ಮೇಲೆ ಸದಾ ಬಾಕಿ ತೋರಿಸುವ ವಿಜೆಟ್ ಕೂಡ ಇದೆ, ಪಕ್ಕ ಕೂತವರೂ ಓದಬಹುದು. ಎರಡನ್ನೂ ಮೊದಲ ದಿನವೇ ತೆಗೆಯಿರಿ. ಮಾಹಿತಿ ಎಲ್ಲ ಫೋನಿನಲ್ಲೇ ಇರುತ್ತೆ, ಖಾತೆ ತೆರೆಯಿರಿ ಅಂತ ಒತ್ತಾಯ ಮಾಡಲ್ಲ ಅನ್ನೋದು ಒಂದು ಸಮಾಧಾನ.

ಜಿಪಿಎಸ್ ನೋಡಿ ನೀವು ದೂರ ಹೋಗಿದ್ದೀರಿ, ಇವತ್ತು ಉಪವಾಸ ಬಿಡುತ್ತೀರಾ ಅಂತ ಕೇಳೋದು ನಗು ತರಿಸಿತು. ಸುಮಾರು 80 ಕಿಲೋಮೀಟರ್ ದಾಟಿದರೆ ಪ್ರಯಾಣದ ರಿಯಾಯಿತಿ ಅಂತ ಹೆಚ್ಚಿನವರು ಹೇಳೋದು ನಿಜ. ಆದರೆ ಅದು ಅನುಮತಿ, ಆಹ್ವಾನ ಅಲ್ಲ. ಮರೆತು ಏನಾದರೂ ತಿಂದರೆ ಏನು ಮಾಡಬೇಕು ಅನ್ನುವ ಸಹಾಯ ಪುಟವೂ ತಪ್ಪಿದೆ, ಉಪವಾಸ ಮುರಿಯಿತು ಅಂತ ಎಲ್ಲರಿಗೂ ಒಂದೇ ಉತ್ತರ. ಮರೆತು ತಿಂದವರು ಉಪವಾಸ ಮುಂದುವರಿಸಲಿ, ಅವರಿಗೆ ತಿನ್ನಿಸಿ ಕುಡಿಸಿದ್ದು ಅಲ್ಲಾಹನೇ ಅಂತ ಪ್ರವಾದಿ ಹೇಳಿದ ಹದೀಸ್ ಪ್ರಸಿದ್ಧ. ಮಾಲಿಕಿಯವರು ಮಾತ್ರ ರಮಝಾನ್‌ನಲ್ಲಿ ಹಾಗಾದರೆ ಖಝಾ ಬೇಕು ಅನ್ನುತ್ತಾರೆ. ತಾನಾಗೇ ಬಂದ ವಾಂತಿಯನ್ನೂ ಬೇಕಂತಲೇ ಮಾಡಿದ ವಾಂತಿಯನ್ನೂ ಆ ಪುಟ ಒಂದೇ ಮಾಡಿದೆ. ಮುರಿಯೋದು ಎರಡನೆಯದರಿಂದ ಮಾತ್ರ.

ಯಾರಿಗೆ ಬೇಕು ಈ ಆ್ಯಪ್? ವರ್ಷಕ್ಕೆ ಐದಾರು ಬಾಕಿ ಇರುವವರಿಗೆ ಬೇಡ, ಒಂದು ಚೀಟಿ ಸಾಕು. ಬಾಕಿ ಹಲವು ವರ್ಷದ್ದು, ಕಾರಣ ಎಲ್ಲ ಒಂದೇ, ಮುಟ್ಟಿನದ್ದು ಅಷ್ಟೇ ಅನ್ನುವವರಿಗೆ ಚೆನ್ನಾಗಿ ಕೆಲಸಕ್ಕೆ ಬರುತ್ತೆ. ಬಸಿರು, ಕಾಯಿಲೆ, ಬೇಕಂತಲೇ ಬಿಟ್ಟದ್ದು ಎಲ್ಲ ಕಲಸಿಕೊಂಡಿರುವವರು ಮೊದಲು ಒಂದು ಹಾಳೆಯಲ್ಲಿ ವರ್ಷ, ಕಾರಣ, ಎಷ್ಟು ದಿನ ಅಂತ ಬರೆದುಕೊಂಡು ತಿಳಿದವರ ಹತ್ತಿರ ಹೋಗಿ. ಅವರು ಹೇಳಿದ ಸಂಖ್ಯೆಯನ್ನು ತಂದು ಆ್ಯಪ್‌ಗೆ ಹಾಕಿ. ಐದಕ್ಕೆ ಮೂರು ಸ್ಟಾರ್ ಕೊಟ್ಟಿದ್ದೇನೆ. ನಾಲ್ಕಾಗಬೇಕು ಅಂದರೆ ಪ್ರತಿ ದಿನದ ಮುಂದೆ ಕಾರಣ ಬರೆಯುವ ಒಂದು ಸಾಲು ಕೊಡಲಿ, ಸಾಕು.

ಕೊನೆಯದಾಗಿ, ತೀರಿಹೋದ ತಂದೆತಾಯಿಯ ಬಾಕಿಗೆ ಬೇರೆ ಖಾತೆ ತೆರೆಯುವ ಆಯ್ಕೆ ಇದೆ. ತಾಯಿ ತೀರಿಹೋದರು, ಒಂದು ತಿಂಗಳ ಉಪವಾಸ ಬಾಕಿ ಇತ್ತು ಅಂತ ಒಬ್ಬರು ಬಂದು ಕೇಳಿದಾಗ, ಸಾಲ ಇದ್ದಿದ್ದರೆ ತೀರಿಸುತ್ತಿದ್ದೆ ತಾನೇ, ಅಲ್ಲಾಹನ ಸಾಲ ತೀರಿಸೋದು ಅದಕ್ಕಿಂತ ಮುಖ್ಯ ಅಂತ ಪ್ರವಾದಿ ಹೇಳಿದ್ದು ಹದೀಸ್‌ನಲ್ಲಿದೆ. ಇದನ್ನು ಇಟ್ಟುಕೊಂಡು ಮಕ್ಕಳೇ ಹಿಡಿಯಬಹುದು ಅಂತ ಶಾಫಿಈಯವರಲ್ಲಿ ನವವಿ ಮುಂತಾದ ವಿದ್ವಾಂಸರು ಹೇಳಿದರೆ, ಹಂಬಲಿಯವರು ಅದನ್ನು ಹರಕೆಯ ಉಪವಾಸಕ್ಕೆ ಮಾತ್ರ ಅನ್ನುತ್ತಾರೆ. ಹನಫಿ, ಮಾಲಿಕಿಯವರಲ್ಲಿ ಒಬ್ಬರ ಬದಲು ಇನ್ನೊಬ್ಬರು ಹಿಡಿಯೋಕಾಗಲ್ಲ, ಬಡವರಿಗೆ ಊಟ ಕೊಡೋದು. ಕಾಯಿಲೆಯಿಂದ ಏಳದೆ, ಹಿಡಿಯೋಕೆ ಒಂದು ದಿನವೂ ಸಿಗದೆ ತೀರಿಹೋದವರ ಮೇಲೆ ಆ ಉಪವಾಸ ಬಾಕಿಯೇ ಅಲ್ಲ ಅನ್ನೋದು ಬಹುಪಾಲು ವಿದ್ವಾಂಸರ ಮಾತು. ನೋಡಿ, ಇಲ್ಲೂ ಕಾರಣ ಬೇಕು. ನಿಮ್ಮದೇ ಬಾಕಿ ಮನೆಯವರಿಗೆ ಗೊತ್ತಿರಲಿ ಅನ್ನಿಸಿದರೆ ಪಟ್ಟಿಯನ್ನು ಫೈಲ್ ಮಾಡಿ ಉಳಿಸುವ ಬಟನ್ ಸೆಟ್ಟಿಂಗ್ಸ್‌ನ ತೀರಾ ಕೆಳಗೆ, ಭಾಷೆ ಬದಲಿಸುವ ಸಾಲಿನ ಕೆಳಗಿದೆ. ಫೋನ್ ಬದಲಿಸುವ ಮುಂಚೆಯೂ ಅದನ್ನು ಒತ್ತಿ. ಬ್ಯಾಕಪ್ ತಾನಾಗೇ ಆಗಲ್ಲ.